ಉದ್ದ ಬಾಲದ ಹದಿನೇಳು

“ಲೇ ದುರ್ಗಿ, ನಮ್ಮ ಮನಿ ಎಲ್ಲಾ ಕೆಡವ್ತಾರಂತಲೇ!”

“ಏನಂದಿ?!”

“ಕೆಡವ್ತಾರ! ಪೂರಾ ಲೈನು! ಆಮ್ಯಾಲ ಅದೇ ಜಾಗದಾಗ ಮೂರು ಅಂತಸ್ತಿನ ಬಿಲ್ಡಿಂಗ್ ಕಟ್ಟಿ ನಮಗ ಕೊಡ್ತಾರಂತ! ಬಾಲ್ಕನಿ ಅಂತ! ಮನಿಯೊಳಗ ಬಾತ್‌ರೂಮ್ ಅಂತ! ಲೇ, ನೀ ಎಲ್ಲಿದ್ದಿ? ಮೊದ್ಲು ಓಡಿ ಬಾ. ನಿಮ್ಮ ಗ್ವಾಡಿ ಮ್ಯಾಲ ಯಾವನೋ ಕೆಂಪು ಬಣ್ಣದಾಗ ಏನೋ ಬರಿಯಾಕತ್ಯಾನ!”

ಫೋನು ಕಟ್ಟಾಯಿತು. ಪಕ್ಕದ ಮನೆಯ ಗೆಳತಿ ಭೂಮಿಕಾಳ ಫೋನುಗಳೇ ಹಾಗೆ. ಬಾಂಬ್ ಹಾಕುತ್ತಾಳೆ, ಆಮೇಲೆ ಚಾರ್ಜು ಮುಗಿಯುತ್ತದೆ.

ಕೊಟ್ಟೂರಿನ ಕಾಲೇಜಿನಿಂದ ಜಿನ್ ಲೈನಿಗೆ ಹದಿನೈದು ನಿಮಿಷದ ದಾರಿ. ಆವತ್ತು ದುರ್ಗಾ ಏಳೇ ನಿಮಿಷಕ್ಕೆ ಮುಟ್ಟಿದಳು. ಓಡುವಾಗ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಕೈಯಲ್ಲಿ ಹಿಡಿದುಕೊಂಡೇ ಓಡಿದಳು!

ಜಿನ್ ಲೈನೆಂದರೆ ನಲವತ್ತೆರಡು ಮನೆಗಳ ಎರಡು ಸಾಲು. ಹಿಂದೆ ಅಲ್ಲೊಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿ ಇತ್ತು, ಅದರ ಕೂಲಿಯವರಿಗೆಂದು ಕಟ್ಟಿದ ಮನೆಗಳವು. ಫ್ಯಾಕ್ಟರಿ ದುರ್ಗಾ ಹುಟ್ಟುವ ಮೊದಲೇ ಮುಚ್ಚಿತ್ತು. ಮಂದಿ ಮಾತ್ರ ಅಲ್ಲೇ ಉಳಿದಿದ್ದರು. ಹನ್ನೆರಡು ಅಡಿ ಅಗಲದ ಮನೆ, ತಗಡಿನ ಮಾಡು, ನಲವತ್ತೆರಡು ಮನೆಗೂ ಸೇರಿ ಸಾಲಿನ ತುದಿಯಲ್ಲಿ ನಾಲ್ಕು ಬಚ್ಚಲು. ಯಾರ ಹತ್ತಿರವೂ ಒಂದು ಹಕ್ಕುಪತ್ರವಿಲ್ಲ. ಅದರಲ್ಲೊಂದು ಮನೆಯಲ್ಲಿ ದುರ್ಗಾ, ಅವ್ವ ಅಂಜಿನಕ್ಕ ಮತ್ತು ಅಜ್ಜಿ ಬೊಮ್ಮಮ್ಮ ಇದ್ದರು.

ಬಂದು ನೋಡಿದರೆ ಭೂಮಿಕಾ ಹೇಳಿದ್ದು ನಿಜ!

ಬಾಗಿಲ ಪಕ್ಕದ ಗೋಡೆಯ ಮುಂದೆ ಒಬ್ಬ ಹುಡುಗ. ನೀಲಿ ಅಂಗಿ, ಕಿವಿಯ ಮೇಲೊಂದು ಪೆನ್ಸಿಲ್, ಒಂದು ಕೈಯಲ್ಲಿ ಬಣ್ಣದ ಡಬ್ಬಿ. ಇನ್ನೊಂದು ಕೈಯಲ್ಲಿದ್ದ ಬ್ರಶ್ಶು ಆಗಲೇ ‘1’ ಬರೆದು ಮುಗಿಸಿ ‘7’ಕ್ಕೆ ಕೈ ಹಾಕಿತ್ತು.

“ಏಯ್!” ಎಂದವಳೇ ದುರ್ಗಾ ಅವನ ಮೊಣಕೈ ಹಿಡಿದು ಜಗ್ಗಿದಳು.

ಸರ್‍ರ್... ಬ್ರಶ್ಶು ಜಾರಿ ಏಳರ ಕಾಲು ಕೆಳಗೆ ಒಂದು ಮೊಳ ಇಳಿಯಿತು. ಕೊನೆಗೆ ಸ್ವಲ್ಪ ಸೊಟ್ಟಗೂ ಆಯಿತು.

ಇಬ್ಬರೂ ಆ ಏಳನ್ನೇ ನೋಡಿದರು.

“ಏನ್ರೀ ಇದು, ಗ್ವಾಡಿ ನಿಮ್ಮಪ್ಪಂದೇನ್ರೀ?” ದುರ್ಗಾ ಏದುಸಿರು ಬಿಡುತ್ತಾ ಕೇಳಿದಳು.

“ಅಲ್ರಿ. ಪಟ್ಟಣ ಪಂಚಾಯ್ತಿದು,” ಅವನು ತಣ್ಣಗೆ ಹೇಳಿದ. “ಆದ್ರ ಈ ಬಾಲ ಮಾತ್ರ ನಿಮ್ದು.”

ಕಟ್ಟೆಯ ಮೇಲೆ ಕೂತಿದ್ದ ಬೊಮ್ಮಮ್ಮಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ದುರ್ಗಾಳಿಗೆ ಮೈಯೆಲ್ಲ ಉರಿಯಿತು! ಅಜ್ಜಿಯೂ ಇವನ ಪಾರ್ಟಿನಾ?!

“ಸಿಟ್ಟು ಆಮ್ಯಾಲ ಮಾಡ್ರಿ, ಮೊದ್ಲು ಕೇಳ್ರಿ,” ಅವನು ಬ್ರಶ್ಶನ್ನು ಡಬ್ಬಿಯಲ್ಲಿಟ್ಟ. “ನನ್ನ ಹೆಸರು ಮೈಲಾರೇಶ್, ಸರ್ವೆಯವ. ಹಳೇ ಮನಿ ಕೆಡವಿ ಹೊಸಾವು ಕಟ್ಟೋ ಯೋಜನಿ ಐತಿ. ಈಗ ಯಾರ‍್ಯಾರು ಇದ್ದೀರಿ ಅಂತ ಬರ್ಕಂತೀವಿ. ಗ್ವಾಡಿ ಮ್ಯಾಲ ನಂಬರ್ ಇದ್ದ ಮನಿಗೇ ಹೊಸ ಮನಿ. ನಿಮ್ಮದು ಹದಿನೇಳು.”

“ಮಳಿ ಬಂದು ಅಳಿಸಿಹೋದ್ರ?”

“ಆಯಿಲ್ ಪೇಂಟ್ ಇದು! ಮಳಿ ಬರ್ಲಿ, ಬಿಸಿಲು ಬರ್ಲಿ, ಐದು ವರ್ಷ ಅಲ್ಲಾಡಲ್ಲ,” ಎಂದು ಅವನು ಎದೆಯುಬ್ಬಿಸಿ ಹೇಳಿದ. ಆಮೇಲೆ ಅವಳ ಕೈಯಲ್ಲಿದ್ದ ಚಪ್ಪಲಿಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. “ಅದು... ನನಗೇನ್ರೀ?”

ದುರ್ಗಾಳಿಗೆ ತಡೆಯಲಾಗಲಿಲ್ಲ. ನಕ್ಕೇಬಿಟ್ಟಳು!

ಅಲ್ಲಿಗೆ ಶುರುವಾಯಿತು ನೋಡಿ.

ಒಂಬತ್ತು ದಿನ ಮೈಲಾರೇಶ್ ಜಿನ್ ಲೈನಿನಲ್ಲೇ ಇದ್ದ. ಟೇಪು ಹಿಡಿದು ಅಳೆದ, ದಪ್ಪನೆಯ ರಿಜಿಸ್ಟರಿನಲ್ಲಿ ಮನೆಮನೆಯ ಹೆಸರು ಬರೆದ. ಹಿರೇಹಡಗಲಿಯ ಹುಡುಗ, ಅಪ್ಪ ಗಾರೆ ಕೆಲಸದ ಗೌಂಡಿ, ತಾನು ಸಿವಿಲ್ ಡಿಪ್ಲೊಮಾ. ಇದನ್ನೆಲ್ಲ ದುರ್ಗಾ ಕೇಳಲಿಲ್ಲ. ಅಜ್ಜಿ ಕೇಳಿದಳು, ಇವಳು ಒಳಗೆ ಪಾತ್ರೆ ತಿಕ್ಕುವ ಸದ್ದು ನಿಲ್ಲಿಸಿ ಕೇಳಿಸಿಕೊಂಡಳು!

ನೀರಡಿಕೆಯಾದರೆ ಅವನು ಉಳಿದ ನಲವತ್ತೊಂದು ಮನೆ ಬಿಟ್ಟು ಹದಿನೇಳಕ್ಕೇ ಬರುತ್ತಿದ್ದ. ದಿನಕ್ಕೆ ನಾಲ್ಕು ಸಲ ಬರುತ್ತಿದ್ದ.

“ನಿನ್ನ ಹೊಟ್ಟಿ ಏನು ಕೆರಿ ಏನೋ ಯಪ್ಪಾ?” ಎಂದು ಅಜ್ಜಿ ಕಾಲೆಳೆಯುತ್ತಿದ್ದಳು.

ಫಾರಂ ತುಂಬಿಸುವ ದಿನ ಅವನು ಕಟ್ಟೆಯ ಮೇಲೆ ಕೂತು ಕೇಳಿದ.

“ಮನಿಯಾಗ ಎಷ್ಟು ಮಂದಿ?”

“ಮೂರು,” ಎಂದಳು ದುರ್ಗಾ.

“ನಿಮ್ಮದು ಮದಿವಿ ಆಗಿಲ್ಲಲ್ಲ?”

“ಅದೂ ಫಾರಂನಾಗ ಐತೇನು?!”

“ಐತ್ರಿ! ನೋಡ್ರಿ ಇಲ್ಲಿ!” ಅವನ ಕಿವಿ ಕೆಂಪಾಗಿತ್ತು. “ಹೆಣ್ಣುಮಗಳು ಮದಿವಿ ಆಗಿ ಹೋದ್ರ ಈ ಮನಿ ಪಟ್ಟಿಯಿಂದ ಅಕಿ ಹೆಸರು ತೆಗೀತಾರ.”

“ಹಂಗಾರ ನನ್ನ ಹೆಸರು ಗಟ್ಟಿಯಾಗಿ ಬರೀರಿ. ನಾ ಎಲ್ಲೂ ಹೋಗಾಕಿ ಅಲ್ಲ.”

ಅವನು ಪೆನ್ನು ಒತ್ತಿ ಬರೆದ. ಆಮೇಲೆ ಮೆಲ್ಲಗೆ, “ಎಲ್ಲೂ ಅಂದ್ರ... ಎಲ್ಲೂ?” ಎಂದ.

ಅಯ್ಯೋ! ಆ ರಾತ್ರಿ ದುರ್ಗಾ ಅಕೌಂಟ್ಸ್ ಪುಸ್ತಕ ತಲೆಕೆಳಗಾಗಿ ಹಿಡಿದು ಓದಿದಳು.

ಅಜ್ಜಿಗೆ ಬೇರೆಯದೇ ಚಿಂತೆ. “ಮೂರು ಅಂತಸ್ತು ಅಂತೀರಿ. ನನ್ನ ಮೊಣಕಾಲು ಈ ಕಟ್ಟಿ ಹತ್ತಾಕ ಅಳ್ತಾವು. ಮ್ಯಾಲ ಕೊಟ್ಟೀರಿ ಅಂದ್ರ ನಾನು ಒಂದೇ ಸಲ ಇಳಿಯಾಕಿ, ಅದೂ ನಾಕು ಮಂದಿ ಹೆಗಲ ಮ್ಯಾಲ!”

ಮೈಲಾರೇಶ್ ನಗಲಿಲ್ಲ. ರಿಜಿಸ್ಟರ್ ತೆರೆದು ಏನೋ ಬರೆದ, ಬರೆದದ್ದರ ಕೆಳಗೆ ಗೆರೆ ಎಳೆದ. ದುರ್ಗಾ ದೂರದಿಂದ ಅದನ್ನು ನೋಡಿದಳು. ಏನು ಬರೆದನೆಂದು ಕಾಣಲಿಲ್ಲ.

ಒಂಬತ್ತನೇ ದಿನ ಹೊರಡುವಾಗ ಅವನು ಬಾಗಿಲಲ್ಲಿ ನಿಂತ.

“ನಾಳಿಂದ ಅರಸೀಕೆರಿ ಕಡೆ ಹಾಕ್ಯಾರ. ಬ್ಯಾರೆ ಸರ್ವೆ ಐತಿ... ನಿಮ್ಮ ಫೋನ್ ನಂಬರ್ ಕೊಡ್ತೀರಿ?”

ಕೊಡು ಕೊಡು ಕೊಡು ಎಂದಿತು ಮನಸ್ಸು. ಆದರೆ ಹಾಳಾದ ಬಾಯಿ!

“ಮೊದ್ಲು ಮನಿ ಲಿಸ್ಟ್ ಬರ್ಲಿ. ಆಮ್ಯಾಲ ನೋಡಾನ.”

ಅವನ ಮುಖ ಸಣ್ಣದಾಯಿತು. ತಲೆ ಆಡಿಸಿ ಹೋದ. ಸಾಲಿನ ತುದಿಯಲ್ಲಿ ಒಂದು ಸಲ ತಿರುಗಿ ನೋಡಿದ. ಅವಳು ಆಗಲೇ ಒಳಗೆ ಓಡಿ ಕಿಟಕಿಗೆ ಕಣ್ಣು ಹಚ್ಚಿದ್ದು ಅವನಿಗೆ ಗೊತ್ತಾಗಲೇ ಇಲ್ಲ.

ಅವನು ಹೋದಮೇಲೆ ಉಳಿದದ್ದು ಗೋಡೆಯ ಮೇಲಿನ ಹದಿನೇಳು. ಉದ್ದ ಬಾಲದ್ದು.

ಮುಂದಿನ ವಾರವೇ ಮಹಾನವಮಿ ಹಬ್ಬ. ಹಬ್ಬಕ್ಕೆ ಮನೆಗೆ ಸುಣ್ಣ ಹಚ್ಚದೆ ಇರುತ್ತಾರಾ ಯಾರಾದರೂ? ಲೈನಿನಲ್ಲಿ ಸ್ವಲ್ಪ ಅನುಕೂಲ ಇದ್ದವರು ಗೋಡೆಗೆ ಪೇಂಟ್ ಹೊಡೆಸಿದ್ದರು. ಅವರು ಹಬ್ಬಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಉಳಿದವರದು ಸುಣ್ಣ. ದುರ್ಗಾ ಸೀರೆಯ ತುಂಡು ತಲೆಗೆ ಸುತ್ತಿಕೊಂಡು, ಬಕೀಟಿನಲ್ಲಿ ಸುಣ್ಣಕ್ಕೆ ಚಿಟಿಕೆ ನೀಲಿ ಕಲಸಿ, ಕುಂಚ ಹಿಡಿದು ಹಚ್ಚುತ್ತಾ ಬಂದಳು. ಬಾಗಿಲ ಪಕ್ಕಕ್ಕೆ ಬಂದಾಗ ಕೈ ನಿಂತಿತು.

“ಯಾಕವ್ವಾ ನಿಂತಿ? ಅದೇನು ದೇವರ ಪಟಾನಾ? ಹಚ್ಚು!” ಎಂದಳು ಅಜ್ಜಿ.

ಬರೆದುಕೊಂಡು ಹೋಗಿ ಆಗಿದೆಯಲ್ಲ, ಇನ್ನೇನು... ದುರ್ಗಾ ಕಣ್ಣು ಅರ್ಧ ಮುಚ್ಚಿಕೊಂಡು ಕುಂಚ ಎಳೆದಳು. ಉಳಿದ ಗೋಡೆಗೆಲ್ಲ ಎರಡೆರಡು ಸಲ ಹಚ್ಚಿದಳು. ಅಲ್ಲಿ ಮಾತ್ರ ಒಂದೇ ಸಲ. ಎರಡನೇ ಸಲ ಹಚ್ಚಲು ಅವಳಿಂದ ಆಗಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ತನ್ನನ್ನು ಕೇಳಿಕೊಳ್ಳಲಿಲ್ಲ.

ಹಬ್ಬದ ಮರುದಿನ ಲೈನಿನವರೆಲ್ಲ ಹೋಳಿಗೆ ಉಂಡು ಮಲಗಿದ್ದ ಮಧ್ಯಾಹ್ನ, ಸರ್ವೆ ಏಜೆನ್ಸಿಯ ಬೇರೆ ಇಬ್ಬರು ತಪಾಸಣೆಗೆ ಬಂದು ಸಾಲನ್ನು ಒಂದು ಸುತ್ತು ಹಾಕಿ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಹದಿನೈದು ದಿನಕ್ಕೆ ಲಿಸ್ಟ್ ಬಂತು!

ಪಟ್ಟಣ ಪಂಚಾಯ್ತಿಯ ನೋಟಿಸ್ ಬೋರ್ಡಿನ ಮುಂದೆ ಜಾತ್ರೆಯಂಥ ನೂಕುನುಗ್ಗಲು. ಭೂಮಿಕಾ ತೂರಿಕೊಂಡು ಹೋಗಿ ಕಿರುಚಿದಳು.

“ನಮ್ಮದು ಐತಿ! ನಮ್ಮದು ಐತಿ! ಹದಿನಾರು! ಲೇ ದುರ್ಗಿ, ಬಾಲ್ಕನಿ!”

“ನಮ್ಮದು?”

ಭೂಮಿಕಾ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. ಅವಳ ದನಿ ಇಳಿಯಿತು.

“ಹದಿನಾರು ಆದಮ್ಯಾಲ... ಹದಿನೆಂಟು ಐತಲೇ.”

ದುರ್ಗಾ ನುಗ್ಗಿ ತಾನೇ ಬೆರಳಿಟ್ಟು ನೋಡಿದಳು. ಹದಿನೇಳು ಇಲ್ಲ! ಇನ್ನೂ ಹದಿಮೂರು ಮನೆ ಇಲ್ಲ. ಒಟ್ಟು ಹದಿನಾಲ್ಕು ಮನೆ ಹೊರಗೆ. ಲಿಸ್ಟಿನಲ್ಲಿ ಇಲ್ಲದವರಿಗೆ ಹೊಸ ಮನೆ ಇಲ್ಲ, ಹಳೆಯದು ಹೇಗಿದ್ದರೂ ಕೆಡವುತ್ತಾರೆ. ತಕರಾರಿದ್ದರೆ ನಾಳೆ ಹನ್ನೊಂದಕ್ಕೆ ಪರಿಶೀಲನಾ ಸಭೆ, ಅದೇ ಕೊನೆ. ಸಂಜೆಗೆ ಲಿಸ್ಟ್ ಜಿಲ್ಲೆಗೆ ಹೋಗುತ್ತದೆ.

“ಪೇಂಟ್ ಹಚ್ಚಿದ ಮನಿಯವ್ರೆಲ್ಲಾ ಒಳಗ, ಸುಣ್ಣದ ಮನಿಯವ್ರೆಲ್ಲಾ ಹೊರಗ! ಅರ್ಥ ಆತಿಲ್ಲೋ?” ಎಂದು ಯಾರೋ ಹಿಂದಿನಿಂದ ಗೊಣಗಿದರು. “ಬರ್ಕಂಡು ಹೋದವ ದೊಡ್ಡ ಮನಿ ಚಾ ಕುಡಿದು ಬರ್ದಾನ.”

ಇಲ್ಲ... ಅವನು ನಮ್ಮ ಮನೆಯ ನೀರಷ್ಟೇ ಕುಡಿದವನು.

ಹಾಗಾದರೆ ಯಾಕೆ?

ಫೋನ್ ನಂಬರ್ ಕೊಡಲಿಲ್ಲವೆಂದು ಸೇಡು ತೀರಿಸಿಕೊಂಡನಾ? ಅಷ್ಟು ಸಣ್ಣವನಾ? ಮನೆ ಹೋಯಿತೆಂಬ ದುಃಖ ದೊಡ್ಡದೋ, ಅವನು ಇಂಥವನೆಂಬ ದುಃಖ ದೊಡ್ಡದೋ... ಅವಳಿಗೇ ತಿಳಿಯಲಿಲ್ಲ.

ಮನೆಯಲ್ಲಿ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಗೋಡೆಗೆ ಕೈಯಿಟ್ಟು ಸವರುತ್ತಾ ಕೂತಳು. ಅವಳು ಮದುವೆಯಾಗಿ ಬಂದದ್ದು ಇದೇ ಬಾಗಿಲಿಗೆ.

“ಅಳಬ್ಯಾಡಬೇ. ನಾಳೆ ನಾನು ಮಾತಾಡ್ತೀನಿ,” ದುರ್ಗಾ ಹಲ್ಲು ಕಚ್ಚಿ ಹೇಳಿದಳು.

* * *

ಸಭೆಯ ಹಾಲಿನಲ್ಲಿ ಕುರ್ಚಿ ಸಾಲದೆ ಅರ್ಧ ಜಿನ್ ಲೈನು ನಿಂತೇ ಇತ್ತು. ಮುಂದಿನ ಟೇಬಲಿನಲ್ಲಿ ಚೀಫ್ ಆಫೀಸರ್ ಮೇಡಂ, ಪಕ್ಕದಲ್ಲಿ ಮೆಂಬರುಗಳು, ಏಜೆನ್ಸಿಯ ಕಡೆಯಿಂದ ಕನ್ನಡಕದ ಒಬ್ಬ ಮನುಷ್ಯ. ಗೋಡೆಗೆ ಹೊಸ ಬಿಲ್ಡಿಂಗಿನ ನಕ್ಷೆ.

ಕನ್ನಡಕದವನ ಪಕ್ಕದಲ್ಲಿ... ನೀಲಿ ಅಂಗಿ!

ಮೈಲಾರೇಶ್! ಮುಖ ಬಾಡಿತ್ತು, ತಲೆ ಮೇಲೆ ಬಸ್ಸಿನ ಧೂಳು. ಅವಳನ್ನು ನೋಡಿದ ಕೂಡಲೇ ಅವನ ಕಣ್ಣು ಅರಳಿದವು. ಅರಳಬೇಡ, ಅರಳಬೇಡವೋ ಮಾರಾಯ, ನನಗೆ ಬೈಯಲು ಆಗುವುದಿಲ್ಲ... ದುರ್ಗಾ ಮುಖ ತಿರುಗಿಸಿದಳು.

“ಹದಿನೇಳನೇ ಮನಿ ಯಾರು?” ಮೇಡಂ ಕರೆದರು.

ದುರ್ಗಾ ಮೈಕಿನ ಮುಂದೆ ಬಂದಳು. ಮೈಕನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡಳು.

“ಮೇಡಂ, ಇವ್ರು ಒಂಬತ್ತು ದಿನ ನಮ್ಮ ಮನಿ ನೀರು ಕುಡಿದಾರ. ನಮ್ಮ ಅಜ್ಜಿ ಇವರನ್ನ ಯಪ್ಪಾ ಅಂತ ಕರದಾಳ. ಗ್ವಾಡಿಗೆ ನಂಬರ್ ಬರದ್ರು, ಹೆಸರು ಬರ್ಕಂಡ್ರು. ಈಗ ಲಿಸ್ಟಿನ್ಯಾಗ ನಾವು ಇಲ್ಲ! ನಮ್ಮ ಮ್ಯಾಲ ಸಿಟ್ಟಿದ್ರ ನನ್ನ ಬೈಬೇಕಿತ್ತು. ನಮ್ಮ ಅಜ್ಜಿ ಏನು ಮಾಡಿದ್ಲು?”

ಹಾಲಿನಲ್ಲಿ ಗದ್ದಲ. ಮೈಲಾರೇಶ್ ಎದ್ದು ನಿಂತ. ಪೆಟ್ಟು ತಿಂದವನ ಹಾಗೆ ನೋಡುತ್ತಿದ್ದ.

“ನಾನು... ಹದಿನೇಳು ಬಿಟ್ಟೆ ಅಂತೀರೇನ್ರಿ? ನಾನು?” ಅವನು ಚೀಲದಿಂದ ರಿಜಿಸ್ಟರ್ ತೆಗೆದ. “ಮೇಡಂ, ನಲವತ್ತೆರಡೂ ಮನಿ ಇದ್ರಾಗ ಅದಾವ. ನಿನ್ನೆ ಲಿಸ್ಟ್ ನೋಡಿ ನನಗೂ ನಿದ್ದಿ ಬಂದಿಲ್ಲ. ಮುಂಜಾನಿ ಮೊದಲನೇ ಬಸ್ಸಿಗೆ ಇದ್ನ ತಗಂಡು ಬಂದೀನಿ.”

ಕನ್ನಡಕದವನು ತಲೆ ಅಲ್ಲಾಡಿಸಿದ. “ಪುಸ್ತಕದಲ್ಲಿ ಯಾರು ಬೇಕಾದರೂ ಎಷ್ಟು ಹೆಸರು ಬೇಕಾದರೂ ಬರೆಯಬಹುದು. ಅದಕ್ಕೇ ಅಲ್ಲವಾ ಗೋಡೆ ಮೇಲೆ ನಂಬರ್ ಬರೆಸಿದ್ದು? ನಾನೇ ತಪಾಸಣೆ ಮಾಡಿದೆ. ಆ ಹದಿನಾಲ್ಕು ಮನೆಗಳ ಗೋಡೆಯಲ್ಲಿ ನಂಬರ್ ಇರಲಿಲ್ಲ. ನಿಯಮ ಅಂದರೆ ನಿಯಮ.”

“ಬರದಿದ್ದೆ ಸರ್!” ಮೈಲಾರೇಶನ ದನಿ ಏರಿತು. “ಹದಿನೇಳಂತೂ ನಾ ಸಾಯೋತನಕ ಮರಿಯಂಗಿಲ್ಲ. ಏಳರ ಬಾಲ ಇಷ್ಟುದ್ದ ಐತಿ!”

ದುರ್ಗಾಳ ಕಿವಿ ಬಿಸಿಯಾಯಿತು. ಇವನು ಏನು ಹೇಳುತ್ತಿದ್ದಾನೆ, ಅದೂ ಸಭೆಯಲ್ಲಿ!

“ಗದ್ದಲ ಬೇಡ. ಲಿಸ್ಟ್ ಒಮ್ಮೆ ಓದಿ,” ಎಂದರು ಮೇಡಂ. ಗುಮಾಸ್ತ ಒಂದೊಂದೇ ಹೆಸರು ಓದುತ್ತಾ ಬಂದ. “ಹದಿನಾರು, ಭೂಮಿಕಾ ತಂದೆ ಮಂಜಣ್ಣ. ಹದಿನೆಂಟು, ಅಜ್ಜಯ್ಯ...”

ಕುರ್ಚಿಯಲ್ಲಿ ಕೂತಿದ್ದ ಬೊಮ್ಮಮ್ಮಜ್ಜಿ ಪಕ್ಕದವಳಿಗೆ ಪಿಸುಗುಟ್ಟಿದಳು. ಅಜ್ಜಿಯ ಪಿಸುಮಾತು ಅಂದರೆ ಇಡೀ ಹಾಲಿಗೆ ಕೇಳುವಂಥದ್ದು.

“ಪಾಪ, ಅಜ್ಜಯ್ಯಗ ಬಂತಲ್ಲ, ಛಲೋ ಆತು. ಶ್ರಾವಣದಾಗ ಹೆಂಡ್ತಿ ಹೋದ್ಲು. ಸೂತಕದ ಮನಿ, ಈ ಸಲ ಹಬ್ಬನೂ ಇಲ್ಲ, ಸುಣ್ಣನೂ ಇಲ್ಲ ಅವಗ...”

ದುರ್ಗಾ ಕಲ್ಲಾಗಿ ನಿಂತಳು.

ಅಜ್ಜಯ್ಯ. ಲೈನಿನಲ್ಲೇ ಎಲ್ಲರಿಗಿಂತ ಬಡವ. ಪೇಂಟ್ ಅಲ್ಲ, ಅವನ ಗೋಡೆಯಲ್ಲಿ ನೆಟ್ಟಗೆ ಗಾರೆಯೂ ಇಲ್ಲ. ದೊಡ್ಡ ಮನೆಯವರನ್ನೇ ಸೇರಿಸಿದ್ದಾದರೆ ಅಜ್ಜಯ್ಯನ ಹೆಸರು ಹೇಗೆ ಬಂತು? ಅವನ ಮನೆಯಲ್ಲಿ ಇದ್ದು ನಮ್ಮ ಮನೆಯಲ್ಲಿ ಇಲ್ಲದ್ದು ಏನು?

ಅಲ್ಲ, ತಪ್ಪು. ನಮ್ಮ ಮನೆಗೆ ಹಚ್ಚಿದ್ದು, ಅವನ ಮನೆಗೆ ಹಚ್ಚದೆ ಇದ್ದದ್ದು ಏನು?

“ಅಯ್ಯಯ್ಯೋ ನನ್ನ ಕೈ ಸೇದಿಹೋಗ್ಲಿ!” ದುರ್ಗಾ ಮೈಕಿನಲ್ಲೇ ಕಿರುಚಿದಳು. “ಮೇಡಂ! ಸುಣ್ಣ! ಮಾರ್ನಮಿ ಸುಣ್ಣ! ನಂಬರ್ ಅದಾವ ಮೇಡಂ, ಸುಣ್ಣದ ಕೆಳಗ ಅದಾವ! ನಾವು ಸುಣ್ಣ ಹಚ್ಚಿದ ಮನಿಯವ್ರೇ ಹೊರಗ ಬಿದ್ದೀವಿ. ಅಜ್ಜಯ್ಯ ಹಚ್ಚಿಲ್ಲ, ಅದಕ್ಕ ಅವನ ನಂಬರ್ ಉಳಿದೈತಿ!”

ಹದಿನಾಲ್ಕು ಮನೆಯವರೂ ಒಟ್ಟಿಗೇ ಹಣೆ ಬಡಿದುಕೊಂಡರು!

“ಹೌದಲ್ಲೋ!”

“ನಾವೂ ಹಚ್ಚೀವಿ!”

“ನಾ ಅಂತೂ ಮೂರು ಸಲ ಬಳದೀನಿ!”

ಕನ್ನಡಕದವನು, “ಹೇಳೋದಕ್ಕೇನು, ತೋರಿಸಬೇಕಲ್ಲ?” ಎಂದ.

“ತೋರಿಸ್ತೀನಿ,” ಎಂದಳು ದುರ್ಗಾ. “ಒಂದು ಕೊಡ ನೀರು ಸಾಕು. ಬರ್ರಿ ಮೇಡಂ!”

ಮೇಡಂ ಗಡಿಯಾರ ನೋಡಿದರು, ದುರ್ಗಾಳನ್ನು ನೋಡಿದರು, ಪೆನ್ನಿನ ಕ್ಯಾಪ್ ಮುಚ್ಚಿದರು. “ನಡೀರಿ.”

ಆಹಾ, ಆ ಮೆರವಣಿಗೆ ನೋಡಬೇಕಿತ್ತು! ಮುಂದೆ ದುರ್ಗಾ ಓಟ, ಹಿಂದೆ ಮೇಡಂ ಜೀಪು, ಅದರ ಹಿಂದೆ ಮೆಂಬರುಗಳ ಬೈಕು, ಆಟೋದಲ್ಲಿ ಬೊಮ್ಮಮ್ಮಜ್ಜಿ, ಬಾಲಂಗೋಚಿಯಾಗಿ ಇಡೀ ಜಿನ್ ಲೈನು. ಮಾರ್ಕೆಟ್ಟಿನವರು ಅಂಗಡಿಯಿಂದ ಇಣುಕಿ “ಏನ್ ಆತು? ಏನ್ ಆತು?” ಎಂದು ಕೇಳುತ್ತಿದ್ದರು.

ದುರ್ಗಾ ಕೊಡ ಎತ್ತಿ ಗೋಡೆಗೆ ನೀರು ಸುರಿದಳು.

ಬಿಳಿ ಗೋಡೆ ಒದ್ದೆಯಾಯಿತು, ಬೂದಿ ಬಣ್ಣಕ್ಕೆ ತಿರುಗಿತು. ಏನೂ ಇಲ್ಲ...

“ಹೋತು,” ಎಂದರು ಯಾರೋ.

ಆಗ ಒದ್ದೆ ಸುಣ್ಣದೊಳಗಿನಿಂದ ಮೆಲ್ಲಗೆ, ನಾಚಿಕೊಂಡು ಬರುವ ಹಾಗೆ, ಒಂದು ಕೆಂಪು ಗೆರೆ ಮೂಡಿತು! ದುರ್ಗಾ ಅಂಗೈಯಿಂದ ಉಜ್ಜಿದಳು. ಎಣ್ಣೆ ಬಣ್ಣದ ಮೇಲೆ ಸುಣ್ಣ ಗಟ್ಟಿಯಾಗಿ ಕೂತಿರಲಿಲ್ಲ. ಪದರ ಬಿಟ್ಟು ಬಂತು. ಒಂದು. ಆಮೇಲೆ ಏಳು. ಏಳರ ಕೆಳಗೆ ಒಂದು ಮೊಳ ಉದ್ದದ ಸೊಟ್ಟ ಬಾಲ!

“ಬಾಲ! ಬಾಲ ಐತಿ!” ಮೈಲಾರೇಶ್ ಚಿಕ್ಕ ಹುಡುಗನ ಹಾಗೆ ಕುಣಿದ.

ಹೋ ಎಂದು ಎದ್ದಿತು ಜಿನ್ ಲೈನು! ಹೆಂಗಸರು ಕೊಡ ತಂದರು, ಭೂಮಿಕಾ ತನ್ನ ಮನೆಯದಲ್ಲದ ಗೋಡೆಗೂ ನೀರು ಎರಚಿದಳು, ಅಂಜಿನಕ್ಕ ತೆಂಗಿನ ನಾರು ಹಿಡಿದು ಪಾತ್ರೆ ತಿಕ್ಕುವ ಹಾಗೆ ಪಕ್ಕದ ಸಾಲಿನ ಗೋಡೆ ತಿಕ್ಕಿದಳು. “ಒಂಬತ್ತು ಬಂತು!” “ಇಪ್ಪತ್ತೊಂದು!” ಮೂರು ಸಲ ಬಳಿದಿದ್ದವಳು ಮಾತ್ರ ಅರ್ಧ ಗಂಟೆ ಉಜ್ಜಬೇಕಾಯಿತು. ಹದಿನಾಲ್ಕೂ ಬಂದವು! ಕನ್ನಡಕದವನು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ತಾನೇ ಎಣಿಸಿದ.

“ನಂಬರ್ ಇವೆ ಮೇಡಂ. ನಾನು ಒಂದು ಬಾಗಿಲು ಬಡಿದು ಕೇಳಬೇಕಿತ್ತು,” ಎಂದ.

“ಹದಿನಾಲ್ಕೂ ಸೇರಿಸಿ ಲಿಸ್ಟ್ ತಿದ್ದಿ,” ಎಂದ ಮೇಡಂ ರಿಜಿಸ್ಟರ್ ತಿರುವಿ ಹದಿನೇಳನೇ ಮನೆಯ ಪುಟದಲ್ಲಿ ನಿಂತರು. “ಇದೇನಿದು, ಮೂರು ಗೆರೆ ಎಳೆದು ಬರೆದಿದ್ದು?”

ಅವರು ಗಟ್ಟಿಯಾಗಿ ಓದಿದರು. “ಬೊಮ್ಮಮ್ಮ, ವಯಸ್ಸು ಎಪ್ಪತ್ನಾಲ್ಕು. ಮೊಣಕಾಲು ನೋವು. ಮೆಟ್ಟಿಲು ಹತ್ತಲಾರರು. ದಯವಿಟ್ಟು ಕೆಳಗಿನ ಮನೆಯೇ ಕೊಡಬೇಕು.”

ದುರ್ಗಾಳ ಕಣ್ಣು ತುಂಬಿ ಬಂದವು. ಆವತ್ತು ಅವನು ಬರೆದದ್ದು ಇದು!

“ವಯಸ್ಸಾದವರಿರುವ ಮನೆಗಳಿಗೆಲ್ಲ ನೆಲಮಹಡಿ ಅಂತ ನಕ್ಷೆಗೆ ಸೇರಿಸೋಣ. ಇಂದಿನ ನಡಾವಳಿಯಲ್ಲೇ ಬರೆಯಿರಿ,” ಎಂದರು ಮೇಡಂ. ಆಮೇಲೆ ಮೈಲಾರೇಶನ ಕಡೆ ತಿರುಗಿದರು. “ನಾಳೆ ಈ ನಂಬರುಗಳನ್ನೆಲ್ಲ ಹೊಸದಾಗಿ ಬರೆದುಬಿಡಿ. ದೀಪಾವಳಿಗೆ ಮತ್ತೆ ಯಾರೂ ಸುಣ್ಣ ಹಚ್ಚದ ಹಾಗೆ ನೋಡಿಕೊಳ್ಳಿ!”

* * *

ಎಲ್ಲ ಹೋದಮೇಲೆ ಸಂಜೆ ಬಿಸಿಲು ಒದ್ದೆ ಗೋಡೆಯ ಮೇಲೆ ಬಿದ್ದಿತ್ತು. ಕಟ್ಟೆಯ ಹತ್ತಿರ ಅವರಿಬ್ಬರೇ. ಅಜ್ಜಿ ಒಳಗೆ ಇದ್ದಳು. ಬೇಕೆಂತಲೇ.

ದುರ್ಗಾ ತಲೆ ತಗ್ಗಿಸಿ ಹೇಳಿದಳು. “ತಪ್ಪಾತ್ರಿ. ಎಲ್ಲಾರ ಮುಂದ ಅಂದುಬಿಟ್ನಿ.”

“ಅಂದಿದ್ರಾಗ ಏನೂ ಇಲ್ಲ. ಆದ್ರ ಸೇಡು ತೀರಿಸ್ಕಂತೀನಿ ಅಂತ ಅನ್ಕಂಡ್ರಲ್ಲ... ಅದು ಚುಚ್ಚಿತು.”

“ನಂಬರ್ ಕೊಡಲಿಲ್ಲ ಅಂತ...”

“ನಂಬರ್ ಕೊಡಲಿಲ್ಲ ಅಂತ ಅರಸೀಕೆರ್‍ಯಾಗ ಮೂರು ದಿನ ಊಟ ಸೇರಲಿಲ್ಲ. ಸೇಡು ನನ್ನ ಹೊಟ್ಟಿ ಮ್ಯಾಲ ಆತು,” ಎಂದು ಅವನು ನಕ್ಕ. ಆಮೇಲೆ ಗೋಡೆ ಮುಟ್ಟಿ ನೋಡಿದ. “ಒಂದು ಕೇಳ್ಲೇನು? ಬ್ಯಾರೆ ಮನಿ ಗ್ವಾಡಿಗೆಲ್ಲಾ ಎರಡು ಕೋಟು, ಮೂರು ಕೋಟು. ನಿಮ್ಮ ಗ್ವಾಡಿಗೂ ಎರಡು ಐತಿ. ಈ ಹದಿನೇಳರ ಮ್ಯಾಲ ಮಾತ್ರ ಒಂದೇ ಯಾಕ?”

ಅಯ್ಯೋ ಸಿವಿಲ್ ಡಿಪ್ಲೊಮಾವೇ! ಇದನ್ನೂ ಕಂಡುಹಿಡಿಯಬೇಕಾ!

“ಸುಣ್ಣ ತೀರಿತ್ತು,” ಎಂದಳು.

“ಸುಳ್ಳು.”

“ಕೈ ನೋಯ್ತಿತ್ತು.”

“ಸುಳ್ಳು.”

ದುರ್ಗಾ ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕಿ, ಕೊನೆಗೆ ವೇಲಿನ ತುದಿಯನ್ನೇ ಬೆರಳಿಗೆ ಸುತ್ತಿದಳು.

“ಮುಚ್ಚಾಕ ಮನಸ್ಸು ಬರಲಿಲ್ಲ. ಸಾಕೇನು?” ಎಂದಳು, ಒಂದೇ ಉಸಿರಿಗೆ.

ಮೈಲಾರೇಶನ ಕಣ್ಣು ಸಭೆಯಲ್ಲಿ ಅರಳಿದ್ದಕ್ಕಿಂತ ಎರಡರಷ್ಟು ಅರಳಿದವು. ಈಗ ಅರಳಲಿ, ಎಷ್ಟು ಬೇಕಾದರೂ ಅರಳಲಿ!

“ದುರ್ಗಾ...” ಅವನು ಮೊದಲ ಸಲ ಹೆಸರು ಹಿಡಿದು ಕರೆದ. “ಆ ಫಾರಂನಾಗ ನಿಮ್ಮ ಹೆಸರು ಗಟ್ಟಿಯಾಗಿ ಬರದೀನಿ. ಒಂದಿನ ಅದನ್ನ ತೆಗಿಯೋ ಹಂಗ ಬಂದ್ರ... ಸಿಟ್ಟು ಮಾಡ್ತೀರೇನು?”

ಒಳಗಿನಿಂದ ಅಜ್ಜಿ ಕೆಮ್ಮಿದ ಸದ್ದು.

“ಮೊದ್ಲು ಅಜ್ಜಿಗೆ ಕೆಳಗಿನ ಮನಿ ಕೀಲಿಕೈ ಸಿಗ್ಲಿ. ಆಮ್ಯಾಲ...” ದುರ್ಗಾ ಮುಖ ಎತ್ತಿದಳು. “ಆಮ್ಯಾಲ ಬೇಕಾದ್ರ ತೆಗೀರಿ. ಆದ್ರ ತೆಗೆದಿದ್ದನ್ನ ಎಲ್ಲೆಲ್ಲೋ ಬರದ್ರ ಆಗಲ್ಲ.”

“ಹಿರೇಹಡಗಲಿಯಾಗ ಒಂದು ಮನಿ ಐತಿ. ಅಲ್ಲಿ ಬರೀತೀನಿ.”

“ಆ ಮನಿಗೆ ಸುಣ್ಣನೋ, ಪೇಂಟೋ?”

“ಸುಣ್ಣ.”

“ಛಲೋ ಆತು,” ಎಂದು ಅವಳು ನಕ್ಕಳು.

ಆಮೇಲೆ ಕೊಡದ ತಳದಲ್ಲಿದ್ದ ನೀರಿಗೆ ಬೆರಳು ಅದ್ದಿ, ಗೋಡೆಯ ಒಣಗಿದ ಭಾಗದಲ್ಲಿ ಬರೆಯತೊಡಗಿದಳು. ಒಂಬತ್ತು... ಎಂಟು... ನಾಲ್ಕು...

“ಏನ್ ಬರಿಯಾಕತ್ತೀರಿ?”

“ಲಿಸ್ಟ್ ಬಂದಮ್ಯಾಲ ಕೊಡ್ತೀನಿ ಅಂದಿದ್ನಲ್ಲಾ, ಫೋನ್ ನಂಬರ್! ಒಣಗೋದ್ರೊಳಗ ಬರ್ಕಳ್ರಿ. ಒಣಗಿದ್ರ ಮತ್ತ ಕೊಡಾಕಿ ಅಲ್ಲ!”

ಪಾಪ! ಅವನು ಪೆನ್ಸಿಲಿಗೆ ಜೇಬು ತಡಕಾಡಿದ. ಕಿವಿ ಮೇಲೆಯೇ ಇತ್ತು! ಮೊದಲ ಎರಡು ಅಂಕಿ ಆಗಲೇ ಮಾಯವಾಗುತ್ತಿದ್ದವು. ಅಂಗೈ ಮೇಲೆ ಬರೆದುಕೊಂಡ, ಎರಡೆರಡು ಸಲ ಓದಿದ.

“ಏ ಯಪ್ಪಾ!” ಅಜ್ಜಿ ಕೊನೆಗೂ ಬಾಗಿಲಿಗೆ ಬಂದಳು. “ನಾಳೆ ಎಷ್ಟು ಹೊತ್ತಿಗೆ ಬರ್ತಿ ಬರಿಯಾಕ?”

“ಮುಂಜಾನಿ ಎಂಟಕ್ಕ, ಅಜ್ಜಿ.”

“ನಾಷ್ಟಾ ಮಾಡ್ಕಂಡು ಬರಬ್ಯಾಡ. ಅಂಜಿನಿ ಮಂಡಕ್ಕಿ ವಗ್ಗರಣಿ, ಮಿರ್ಚಿ ಮಾಡ್ತಾಳ. ನಿನ್ನ ಹತ್ರ ಮಾತಾಡೋದೈತಿ ನಮಗ,” ಎಂದು ಅಜ್ಜಿ ಮೊಮ್ಮಗಳ ಕಡೆ ಕಣ್ಣು ಮಿಟುಕಿಸಿ ಒಳಗೆ ಹೋದಳು.

ಮೈಲಾರೇಶ್ ಬೆವರು ಒರೆಸಿಕೊಂಡ. “ಹಂಗಾರ... ನಾಳೆ ಎಂಟಕ್ಕ?”

“ಎಂಟಕ್ಕ. ಕೆಂಪು ಬಣ್ಣ ಮರೀಬ್ಯಾಡ್ರಿ.”

“ಮರಿಯಂಗಿಲ್ಲ. ಈ ಸಲ ಹದಿನೇಳು ನೆಟ್ಟಗ ಬರೀತೀನಿ, ಬಾಲ ಇಲ್ದಂಗ.”

“ನೆಟ್ಟಗ ಬರೀರಿ,” ಎಂದಳು ದುರ್ಗಾ. “ಬಾಲ ನಾ ಬಂದು ಜಗ್ತೀನಿ.”